ತಾಹೋ ಕೆರಿ ಮೀನು, ನಮ್ಮವ್ವನ ಬದನಿ ಬೀಜ

ಹೋದ ಸರ್ತೆ ಬರದ ಕಟಕ ರೊಟ್ಟಿ ಸುದ್ದಿ ಓದಿ ಭಾಳ ಮಂದಿ ಫೋನ್ ಮಾಡಿದ್ರಿ, ಸಂತೋಷ ಆತು. ಈ ಸರ್ತೆ ಅಡಗಿಮನಿ ಬಿಟ್ಟು ದೂರದ ಒಂದು ಕೆರಿ ದಂಡಿಗೆ ಹೋಗೂಣು. ವಿಷಯ ಮೀನಿಂದು. "ಬಳ್ಳೊಳ್ಳಿ ಹಾಕಲಿಕ್ಕೂ ಹಿಂದ ಮುಂದ ನೋಡಾಕಿ, ಈಗ ಮೀನಿನ ಸುದ್ದಿ ಹಿಡದ್ಲು ನೋಡ್ರಿ" ಅಂತ ವೈನಿ ನಗತಾರ, ನನಗ ಗೊತ್ತದ. ನಗ್ರಿ, ಆದ್ರ ಪೂರ್ತಿ ಓದಿ ನಗ್ರಿ. ಕಡೀಕ ನಿಮ್ಮೆಲ್ಲಾರ ಹತ್ರ ನನ್ನದೊಂದು ಕೆಲಸನೂ ಅದ.

ಹೋದ ವರ್ಷ ಡಿಸೆಂಬರದಾಗ ಕ್ಯಾಲಿಫೋರ್ನಿಯಾದಾಗ ಮಗಳ ಮನ್ಯಾಗ ಇದ್ದೆ. ಕ್ರಿಸ್‌ಮಸ್ ಸೂಟಿಗೆ ತಾಹೋ ಅನ್ನೋ ಸರೋವರಕ್ಕ ಕರಕೊಂಡು ಹೋದ್ರು. ಅವರ ಊರಿಂದ ಕಾರಿನ್ಯಾಗ ನಾಲ್ಕು ತಾಸಿನ ಮ್ಯಾಲೆ ಹಾದಿ. ಗುಡ್ಡ ಹತ್ತಿ ಹತ್ತಿ ಹೋಗಬೇಕು. ಆ ನೀರು ನಿಂತಿರೋದ 6,200 ಅಡಿ ಎತ್ತರದಾಗ. ಉದ್ದ 35 ಕಿಲೋಮೀಟರ್, ಅಗಲ 19. ಆಳ ಎಷ್ಟು ಅಂದ್ರ 501 ಮೀಟರ್. ನಮ್ಮ ವಿಜಯಪುರದ ಗೋಳಗುಮ್ಮಟ ಒಂದರ ಮ್ಯಾಲೊಂದು ಹತ್ತು ಇಟ್ರ ಹೆಚ್ಚುಕಡಿಮಿ ಅಷ್ಟಾಗತದ. ಸುತ್ತ ಗುಡ್ಡದ ಮ್ಯಾಲೆ, ಗಿಡದ ಮ್ಯಾಲೆ, ಹಾದಿ ಮ್ಯಾಲೆ ಎಲ್ಲಾ ಕಡೆ ಬರ್ಫ ಬಿದ್ದಿರತದ. ಆದ್ರ ನಡುವಿನ ನೀರು ಮಾತ್ರ ಹೆಪ್ಪುಗಟ್ಟೂದಿಲ್ಲ. ಆಳದ ನೀರು ತನ್ನ ಹೊಟ್ಯಾಗ ಕಾವು ಇಟ್ಟುಗೊಂಡಿರತದ, ಮ್ಯಾಲಿನ ನೀರು ಥಂಡಿ ಆಗಿ ಕೆಳಗ ಇಳದಂಗ ಕೆಳಗಿಂದು ಮ್ಯಾಲೆ ಬರತದ. ಹಿಂಗಾಗಿ ಚಳಿಗಾಲದಾಗೂ ಅಲ್ಲೆ ಬೋಟು ನಡೀತಾವ.

ನನಗ ಇನ್ನೂ ಇಲ್ಲಿ ಹೊತ್ತು, ಅಲ್ಲಿ ಹೊತ್ತು ಹೊಂದಿರಲಿಲ್ಲ. ನಸಿಕಿನ್ಯಾಗ ನಾಲ್ಕಕ್ಕ ಎಚ್ಚರ. ಕಿಡಕ್ಯಾಗಿಂದ ನೋಡಿದ್ರ ಕತ್ತಲ ನೀರಿನ ಮ್ಯಾಲೆ ಎರಡು ದೀಪ ಹಗರಕ ಸರಕೋತ ಹೊಂಟಿದ್ವು. ಈ ಥಂಡ್ಯಾಗ ಯಾರಪ್ಪಾ ಇವರು ಅಂದ್ಕೊಂಡೆ. ಚಾ ಕುಡಿಯೋ ಮುಂದ ಅಳಿಯಂದ್ರು ಹೇಳಿದ್ರು, "ಅವರು ಲೇಕ್ ಟ್ರೌಟ್ ಹಿಡಿಯೋರು ಅತ್ತಿ, ಇದಕ್ಕ ಟ್ರೋಲಿಂಗ್ ಅಂತಾರ." ಕಾರವಾರದ ಕಡೆ ದೊಡ್ಡ ಬಲಿ ಜಗ್ಗೋ ಬೋಟಿಗೆ ಟ್ರಾಲಿಂಗ್ ಅಂತಾರಲ್ಲ, ಅದಲ್ಲ ಇದು. ಇಲ್ಲೆ ಬಲಿ ಇಲ್ಲ. ಬೋಟಿನ ಹಿಂದ ಗಾಳದ ದಾರ ಬಿಟ್ಟು ಸಾವಕಾಶ ಎಳಕೋತ ಹೋಗೋದು.

ಮರುದಿನ ಅವರ ಆಫೀಸಿನ ಗೆಳೆಯರೊಬ್ಬರು ಒಂದು ಬೋಟು ಗೊತ್ತು ಮಾಡಿದ್ರು. ಮೊಮ್ಮಗ, "ಅಜ್ಜಿ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ" ಅಂತ ಹಟ ಹಿಡದ. ಎರಡು ಸ್ವೆಟರ್, ಮ್ಯಾಲೊಂದು ಶಾಲು, ಕಾಲಿಗೆ ಮಗಳ ಬೂಟು, ಹಿಂಗ ಗಂಟು ಕಟ್ಟಿಧಂಗ ಆಗಿ ಹೋಗಿ ಕೂತೆ. ಬೋಟಿನಾಂವ ವಯಸ್ಸಾದ ಮನಷ್ಯಾ, ಮಾತು ಕಡಿಮಿ. ಐದು ಕಿಲೋದಷ್ಟು ತೂಕದ ಸೀಸದ ಗುಂಡನ್ನ ಉಕ್ಕಿನ ತಂತಿಗೆ ಕಟ್ಟಿ ನೀರಾಗ ಇಳಿಸಿದ. ಆ ತಂತಿಗೆ ಒಂದು ಕ್ಲಿಪ್, ಅದರಾಗ ಗಾಳದ ದಾರ. ಗುಂಡು ಎಷ್ಟು ಆಳಕ್ಕ ಹೋಗತದೋ ದಾರನೂ ಅಷ್ಟು ಆಳಕ್ಕ. ಮೀನು ಕಚ್ಚಿ ಜಗ್ಗಿದ ಕೂಡ್ಲೆ ದಾರ ಕ್ಲಿಪ್ಪಿನಿಂದ ಬಿಚ್ಚತದ, ಬಾಗಿದ್ದ ಕೋಲು ಸಟ್ಟನೆ ನೆಟ್ಟಗಾಗತದ. ಅಲ್ಲೀತನಕ ಸುಮ್ಮ ಕೂಡೋದು. ಬೋಟಿನ ವೇಗ ತಾಸಿಗೆ ಎರಡೂವರಿ ಕಿಲೋಮೀಟರ್. ನಾವು ಸಂಜಿಮುಂದ ಕೆಲಗೇರಿ ಕೆರಿ ದಂಡಿಗೆ ಮಾತಾಡಕೋತ ಅಡ್ಡಾಡತೀವಲ್ಲ, ಅದಕ್ಕಿಂತ ಸಾವಕಾಶ. ಬ್ಯಾಸಗ್ಯಾಗ ಈ ಮೀನು ತಂಪು ಹುಡಕಿ ನೂರಾರು ಅಡಿ ಕೆಳಗ ಹೋಗಿ ಕೂಡತದಂತ. ಚಳಿಗಾಲದಾಗ ಮ್ಯಾಲಿನ ನೀರೂ ಥಂಡಿ ಇರತದ, ಅದಕ್ಕ ಮ್ಯಾಲಿನ ತನಕ ಬರತದ. ಹಿಂಗಾಗಿ ಹಿಡಿಯೋರಿಗೆ ಈ ಥಂಡೀನ ಹಂಗಾಮು.

ಗಾಳದ ತುದಿಗೆ ಹಾಕೋ ತಗಡಿನ ಬಿಲ್ಲಿಗೆ 'ಸ್ಪೂನ್' ಅಂತಾರ. ಹೆಸರು ಕೇಳಿ ನನಗ ನಗು ಬಂತು. ಇದರ ಹಿಂದ ಒಂದು ಕಥಿ ಅದ. ವರ್ಮಾಂಟ್ ರಾಜ್ಯದಾಗ ಜೂಲಿಯೋ ಬ್ಯೂಯೆಲ್ ಅನ್ನೋ ಹುಡುಗ ಬೋಟಿನ್ಯಾಗ ಕೂತು ಉಣ್ಣೋ ಮುಂದ ಕೈಜಾರಿ ಚಮಚ ನೀರಾಗ ಬಿತ್ತಂತ. ಹೊಳಕೋತ, ತಿರಗಕೋತ ಮುಳಗೋ ಚಮಚಕ್ಕ ದೊಡ್ಡ ಮೀನು ಬಂದು ಬಾಯಿ ಹಾಕಿತಂತ. ಮುಂದ ಅಂವ ಅವ್ವನ ಅಡಗಿಮನ್ಯಾಗಿನ ಚಮಚದ ಹಿಡಿಕಿ ಮುರದು ಗಾಳ ಹಚ್ಚಿದ ಅಂತ ಹೇಳತಾರ. ಕಥಿ ಎಷ್ಟು ಖರೆಯೋ, ಆದ್ರ 1852ರಾಗ ಅಂವ ಇದಕ್ಕ ಪೇಟೆಂಟ್ ತಗೊಂಡದ್ದು ಖರೆ. ನಮ್ಮ ಮನ್ಯಾಗ ಚಮಚ ಕಡಿಮಿ ಬಂದಾಗ ಗಂಡಮಕ್ಕಳನ್ನ ಕೇಳಬೇಕು ನೋಡ್ರಿ!

ಎರಡು ತಾಸಿನ ಮ್ಯಾಲೆ ಒಂದು ಮೀನು ಬಂತು. ನಾನು ಮಾರಿ ಆ ಕಡೆ ಮಾಡಿದ್ದೆ, ಆದ್ರ ಮೊಮ್ಮಗ ಒದರಿದ ಅಂತ ನೋಡಿದೆ. ಬೂದಿ ಬಣ್ಣದ ಮೈ, ಅದರ ತುಂಬ ಬಿಳಿಚುಕ್ಕಿ, ಬಾಲ ನಡುವ ಸೀಳಿಧಂಗ. ಬೋಟಿನಾಂವ, "ಇದು ಮ್ಯಾಕಿನಾ. ಈ ಕೆರಿಯಾಗ ಇದು ನನ್ನ ಮುತ್ತಜ್ಜನ ಕಾಲದಾಗ ಬಂದದ್ದು. ಇಲ್ಲಿ ಮೂಲದ ಮೀನು ಬ್ಯಾರೇನ ಇತ್ತು" ಅಂದ. ಮಗಳು ಕನ್ನಡದಾಗ ಹೇಳಿದ್ಲು. ಆ ಒಂದು ಮಾತು ನನ್ನ ತಲ್ಯಾಗ ಕೂತುಬಿಡ್ತು. ಆಮ್ಯಾಲೆ ತಾಹೋ ಸಿಟಿಯ ಮ್ಯೂಸಿಯಂ ನೋಡಿದೆ. ಮಗಳು ಲೈಬ್ರರಿಯಿಂದ ಪುಸ್ತಕ ತಂದು ಕೊಟ್ಲು, ತಿಳಿಯಲಾರದ್ದನ್ನ ಓದಿ ಹೇಳಿದ್ಲು. ಅದರಿಂದ ಗೊತ್ತಾದದ್ದು ಇಷ್ಟು.

ಆ ಕೆರಿ ಮೂಲದಾಗ ವಾಶೋ ಅನ್ನೋ ಮಂದೀದು. ಅವರ ಭಾಷಾದಾಗ ಅದಕ್ಕ 'ದಾಆವ್' ಅಂತಾರ. ಅರ್ಥ ಏನು ಗೊತ್ತೇನ್ರಿ? ಬರೇ 'ಕೆರಿ'. ನಾವು ಹಳ್ಳ್ಯಾಗ "ಕೆರಿಗೆ ಹೋಗಿ ಬರ್ತೀನಿ" ಅಂತೀವಲ್ಲ, ಯಾವ ಕೆರಿ ಅಂತ ಹೆಸರು ಹೇಳಂಗಿಲ್ಲ, ಹಂಗ. ಆ ಶಬ್ದಾನ ಬಿಳೇರ ಬಾಯಾಗ ತಾಹೋ ಆತು. ನಡುವ ಒಬ್ಬ ಗವರ್ನರನ ಹೆಸರಿಲೆ ಬಿಗ್ಲರ್ ಅಂತ ಇಟ್ಟಿದ್ರು. 1945ರಾಗ ಕಾಯದೆ ಪ್ರಕಾರ ತಾಹೋ ಆತು.

ಚಳಿ ಮುಗದು ಬರ್ಫ ಕರಗಿದ ಮ್ಯಾಲೆ ವಾಶೋ ಕುಟುಂಬಗಳು ಕೆಳಗಿನ ಕಣಿವಿಯಿಂದ ಮ್ಯಾಲೆ ಕೆರಿಗೆ ಬರತಿದ್ವು. ಮುದುಕರು, ಬಾಣಂತ್ಯಾರು, ಕೂಸುಗಳು ಸಹಿತ. ಕೆರಿಗೆ ಸೇರೋ ಹಳ್ಳ 63 ಅವ. ಆ ಹೊತ್ತಿಗೆ ಮೀನು ತತ್ತಿ ಇಡಲಿಕ್ಕೆ ಹಳ್ಳ ಹತ್ತತಾವ. ಆವಾಗ ಬುಟ್ಟಿ, ಬಲಿ ಹಾಕಿ ಹಿಡದು, ಒಣಗಿಸಿ ಚಳಿಗಾಲಕ್ಕ ಇಟಗೋತಿದ್ರು. ನಾವು ಬ್ಯಾಸಗ್ಯಾಗ ಹಪ್ಪಳ ಸಂಡಿಗಿ ಮಾಡಿ ಡಬ್ಬಿ ತುಂಬತೀವಲ್ಲ, ಅದ ಕೆಲಸ ಅಂತ ತಿಳಕೋರಿ. ಬುಟ್ಟಿ ಹೆಣಿಯೋದು ಹೆಂಗಸರ ಕೈಯಾಗಿನ ವಿದ್ಯೆ. ದಾತ್ ಸೋ ಲಾ ಲೀ ಅನ್ನೋ ವಾಶೋ ಹೆಂಗಸು ಹೆಣದ ಬುಟ್ಟಿ ಈಗ ದೊಡ್ಡ ದೊಡ್ಡ ಮ್ಯೂಸಿಯಂದಾಗ ಇಟ್ಟಾರ. ಆಕಿ 1925ರಾಗ ತೀರಿಕೊಂಡ್ಲು. ಮೊದಲ ಮಂದಿ ಮನ್ಯಾಗ ಅರಬಿ ಒಗದು ಹೊಟ್ಟಿ ಹೊರಕೋತಿದ್ಲಂತ. ಅಂಥಾ ಕೈ!

ಆಗಿನ ಆ ಮೀನಿನ ಹೆಸರು ಲಹಾಂಟನ್ ಕಟ್‌ಥ್ರೋಟ್ ಟ್ರೌಟ್. ದವಡಿ ಕೆಳಗ ಕುಂಕುಮ ಎಳದಂಗ ಎರಡು ಕೆಂಪು ಗೆರಿ, ಗಂಟಲ ಕೊಯ್ದಂಗ ಕಾಣತದ, ಅದಕ್ಕ ಆ ಹೆಸರು. ತಾಹೋದಿಂದ ಹೊರಗ ಹರಿಯೋದು ಒಂದ ಹೊಳಿ, ಟ್ರಕೀ. ಅದು ಸಮುದ್ರಕ್ಕ ಹೋಗಂಗಿಲ್ಲ. ಕೆಳಗ ನೆವಾಡಾದ ಬಯಲಾಗ ಪಿರಮಿಡ್ ಅನ್ನೋ ಇನ್ನೊಂದು ಸರೋವರಕ್ಕ ಹೋಗಿ ಮುಗೀತದ. ಅಲ್ಲಿ ಪಾಯೂಟ್ ಮಂದಿ. 1844ರ ಜನವರ್ಯಾಗ ಫ್ರೀಮಾಂಟ್ ಅನ್ನೋ ಸೈನ್ಯದ ಅಧಿಕಾರಿ ತನ್ನ ದಂಡು ಕಟಗೊಂಡು ಹಸದು ಬಳಲಿ ಪಿರಮಿಡ್ ದಂಡಿಗೆ ಬಂದಾಗ, ಪಾಯೂಟರು ಈ ಮೀನು ತಂದು ಕೊಟ್ರು. ಅಂಥಾ ರುಚಿ ಮೀನು ಉಂಡಿರಲಿಲ್ಲ ಅನ್ನೋಹಂಗ ಬರದಿಟ್ಟಾನ. ಅದಾದ ಮರುತಿಂಗಳು, ಫೆಬ್ರುವರಿ 14ಕ್ಕ, ಗುಡ್ಡದ ಮ್ಯಾಲಿಂದ ತಾಹೋ ನೋಡಿದ. ಪಿರಮಿಡ್ ಸರೋವರದಾಗ 1925ರಾಗ ಹಿಡದ ಒಂದು ಕಟ್‌ಥ್ರೋಟ್ 41 ಪೌಂಡು, ಅಂದ್ರ 18 ಕಿಲೋಕ್ಕಿಂತ ಹೆಚ್ಚು ತೂಗಿತ್ತು. ಆ ಜಾತಿ ಮೀನಿಂದು ಇವತ್ತಿಗೂ ಅದ ದಾಖಲೆ.

ಅತಿಥಿಗೆ ಮೀನು ಕೊಟ್ಟು ಹದಿನೈದು ವರ್ಷ ಆತೋ ಇಲ್ಲೋ, 1859ರಾಗ ಹತ್ತಿರದ ಗುಡ್ಡದಾಗ ಬೆಳ್ಳಿ ಸಿಕ್ತು. ಖಣಿಯೊಳಗ ಆಸರಕ್ಕ ಕಟಗಿ ಬೇಕು. ತಾಹೋ ಸುತ್ತಲಿನ ಅಡವಿ ಕಡದು ಒಯ್ದ್ರು. ಗಿಡ ಹೋದ ಮ್ಯಾಲೆ ಮಣ್ಣು ಹಳ್ಳಕ್ಕ ಇಳೀತು, ಕಟಗಿ ಕೊರಿಯೋ ಗಿರಣಿ ಹೊಟ್ಟು ಹೊಳಿಗೆ ಬಿತ್ತು. ಈ ಮೀನು ಸ್ವಚ್ಛ ಹರಳಿನ ನಡುವ ತತ್ತಿ ಇಡತದ. ಹರಳಿನ ಸಂದಿ ಮುಚ್ಚಿದ್ರ ಬಾಣಂತನ ಎಲ್ಲಿ ಆಗಬೇಕು? ಅದರ ಮ್ಯಾಲೆ ರೈಲು ಬಂತು. ಬರ್ಫದಾಗ ಇಟ್ಟ ಮೀನು ಪೆಟ್ಟಿಗಿಗಟ್ಟಲೆ ಸ್ಯಾನ್ ಫ್ರಾನ್ಸಿಸ್ಕೋಕ್ಕ ಹೋಗಲಿಕ್ಕೆ ಹತ್ತಿತು. ಮಾರಾಟಕ್ಕ ಹಿಡಿಯೋದನ್ನ 1917ರಾಗ ಬಂದ್ ಮಾಡಿದ್ರು, ಆದ್ರ ಅಷ್ಟೊತ್ತಿಗೆ ತಡಾ ಆಗಿತ್ತು. 1905ರಾಗ ಟ್ರಕೀ ಹೊಳಿಗೆ ಡರ್ಬಿ ಅನ್ನೋ ಕಡೆ ಅಡ್ಡ ಕಟ್ಟಿ ನೀರು ಹೊಲಕ್ಕ ತಿರಗಿಸಿದ್ರು. ಪಿರಮಿಡ್ ಮೀನಿಗೆ ತವರಿನ ಹಾದೀನ ಬಂದ್ ಆತು, ಸರೋವರದ ನೀರೂ ವರ್ಷಾ ವರ್ಷಾ ಕೆಳಗ ಇಳೀತು.

ಮೀನು ಕಡಿಮಿ ಆದ್ವು ಅಂತ ಹೊರಗಿಂದ ತಂದು ಬಿಡೋ ಹವ್ಯಾಸ ಸುರು ಆತು. ಕೆಟ್ಟ ಮನಸಿನಿಂದ ಅಲ್ಲ. ತತ್ತಿ ಮರಿ ಮಾಡಿ ಕೆರಿ ಕೆರಿಗೆ ಬಿಡೋದು ಆ ಕಾಲದಾಗ ದೊಡ್ಡ ಪುಣ್ಯದ ಕೆಲಸ ಅಂತ ತಿಳೀತಿದ್ರು. ಹಂಗ 1800ರ ಕಡೀ ವರ್ಷಗಳಾಗ ಸಾವಿರಾರು ಮೈಲಿ ದೂರದ ಮಿಶಿಗನ್ ಕಡೆಯಿಂದ ಬಂದದ್ದು ಲೇಕ್ ಟ್ರೌಟ್. ಆ ಸೀಮಿ ಹೆಸರೇ ಇದಕ್ಕ ಮ್ಯಾಕಿನಾ ಅಂತ ನಿಂತದ. ಇದಕ್ಕ ಹೊಳಿ ಹಂಗಿಲ್ಲ, ಕೆರಿ ತಳದ ಕಲ್ಲಿನ ಮ್ಯಾಲೇ ತತ್ತಿ ಇಡತದ. ಹಳ್ಳ ಹೂಳಿದ್ರೂ, ಅಡ್ಡ ಕಟ್ಟಿದ್ರೂ ಇದರ ಸಂಸಾರಕ್ಕ ಧಕ್ಕಿ ಇಲ್ಲ. ಇಪ್ಪತ್ತು ವರ್ಷಕ್ಕ ಮ್ಯಾಲೆ ಬದುಕತದ. ಮ್ಯಾಲೆ ಬ್ಯಾರೆ ಮೀನಿನ ಮರಿ ತಿಂತದ. ಇದರ ಜೋಡಿ ಬಂದ ಬ್ಯಾರೆ ಬ್ಯಾರೆ ಟ್ರೌಟು ಜಾಗಾ ಹಿಡದ್ವು. 1930ರ ದಶಕ ಮುಗಿಯೋದ್ರಾಗ ತಾಹೋದಾಗ ಒಂದೂ ಕಟ್‌ಥ್ರೋಟ್ ಉಳೀಲಿಲ್ಲ. ಪಿರಮಿಡ್‌ದಾಗೂ ಅದ ಹೊತ್ತಿಗೆ ಮುಗೀತು.

ಇಷ್ಟಕ್ಕ ಬಿಟ್ರೋ? ಇಲ್ಲ. 1960ರ ದಶಕದಾಗ ಈ ಬಂದ ಮೀನಿಗೆ ತಿನ್ನಲಿಕ್ಕೆ ಆಗಲಿ ಅಂತ ಮೈಸಿಸ್ ಅನ್ನೋ ಸಣ್ಣ ಸಿಗಡಿ ತಂದು ಬಿಟ್ರು. ಆ ಸಿಗಡಿ, ನೀರು ಸ್ವಚ್ಛ ಇಡೋ ಇನ್ನೂ ಸಣ್ಣ ಹುಳಾನ ತಿಂದು ಮುಗಿಸಿತು. ಕನ್ನಡಿಯಂಥಾ ನೀರಿಗೆ ಹೆಸರಾದ ಕೆರಿಗೆ ಅದೊಂದು ಹೊಸಾ ತ್ರಾಸು. ಮ್ಯಾಕಿನಾ ಮಾತ್ರ ಛೊಲೋ ಬೆಳೀತು. 1974ರಾಗ ತಾಹೋದಾಗ ಹಿಡದ ಒಂದು ಸುಮಾರು 17 ಕಿಲೋ ಇತ್ತು, ಕ್ಯಾಲಿಫೋರ್ನಿಯಾಕ್ಕ ಇನ್ನೂ ಅದ ದಾಖಲೆ.

ಇಲ್ಲೀತನಕ ಓದಿ ನನಗೂ ಸಿಟ್ಟು ಬಂದಿತ್ತು. ಬೋಟಿನ್ಯಾಗ ಕಂಡ ಆ ಚುಕ್ಕಿ ಮೀನಿನ ಮ್ಯಾಲೇ ಸಿಟ್ಟು. ಮನಿ ಹೊಕ್ಕು ಮನಿಯವರನ್ನ ಹೊರಗ ಹಾಕಿದ್ದು ಅಂತ. ಆದ್ರ ಅದರ ತವರಿನ ಸುದ್ದಿ ಓದಿದ ಮ್ಯಾಲೆ ಸಿಟ್ಟು ನಿಲ್ಲಲಿಲ್ಲ. ಮಿಶಿಗನ್ ಸರೋವರಕ್ಕ ಸಮುದ್ರದ ಲ್ಯಾಂಪ್ರೀ ಅನ್ನೋ ಪ್ರಾಣಿ, ಹಡಗಿಗೆ ಅಂತ ತೋಡಿದ ಕಾಲುವಿಯಿಂದ ಒಳಗ ಬಂತು. ಹಾವಿನಂಗ ಮೈ, ಜಿಗಳಿಯಂಗ ಬಾಯಿ. ಮೀನಿಗೆ ಅಂಟಿಕೊಂಡು ರಕ್ತ ಹೀರತದ. ಮೊದಲ ಮಂದಿ ಮಿತಿ ಮೀರಿ ಹಿಡದಿದ್ರು, ಮ್ಯಾಲೆ ಇದು. 1950ರ ದಶಕದ ನಡುವ ಬರೋದ್ರಾಗ ಮಿಶಿಗನ್ ಸರೋವರದಾಗ ಲೇಕ್ ಟ್ರೌಟ್ ಇಲ್ಲದಂಗ ಆತು. ಇಲ್ಲೆ ಬ್ಯಾರೆಯವರ ಮನಿ ಹೊಕ್ಕ ಮೀನು, ಅಲ್ಲೆ ತನ್ನ ಮನ್ಯಾಗ ನಿರ್ನಾಮ.

ಮುಂದ ಲ್ಯಾಂಪ್ರೀ ಮರಿ ಸಾಯೋ ಔಷಧ ಸಿಕ್ತು. ಮೀನು ತಿರಗಿ ಬಿಡಬೇಕು, ಆದ್ರ ಬೀಜ ಎಲ್ಲಿ? ಯೆಲ್ಲೋಸ್ಟೋನ್ ಅಡವಿಯೊಳಗ ಲೂಯಿಸ್ ಅನ್ನೋ ಸಣ್ಣ ಸರೋವರ ಅದ. 1890ರಾಗ ಯಾರೋ ಅಧಿಕಾರಿಗಳು ಮಿಶಿಗನ್ ಕಡೆಯ ಲೇಕ್ ಟ್ರೌಟ್ ತಂದು ಅಲ್ಲೆ ಬಿಟ್ಟಿದ್ರು. ಅದು ಅಲ್ಲೆ ಸುಮ್ಮ ಸಂಸಾರ ಮಾಡಕೋತ ಉಳದಿತ್ತು. ಅದರ ಸಂತತಿನ ತಿರಗಿ ತಂದು ತವರಿಗೆ ಬಿಟ್ರು.

ಕಟ್‌ಥ್ರೋಟಿನ ಕಥಿನೂ ಹಂಗ. ಎಲ್ಲಾ ಮುಗೀತು ಅಂತ ಕೈ ತೊಳಕೊಂಡಾದ ಮ್ಯಾಲೆ, 1970ರ ದಶಕದಾಗ ನೆವಾಡಾ-ಯೂಟಾ ಗಡಿಯೊಳಗ ಪೈಲಟ್ ಪೀಕ್ ಅನ್ನೋ ಗುಡ್ಡದ ಒಂದು ಸಣ್ಣ ಝರಿಯಾಗ ಆ ಮೀನು ಸಿಕ್ಕವು. ಒಬ್ಬರು ಯಾರೋ ನೂರು ವರ್ಷದ ಹಿಂದ ಒಯ್ದು ಬಿಟ್ಟದ್ದು, ಯಾರಿಗೂ ನೆನಪಿರಲಿಲ್ಲ. ಮ್ಯೂಸಿಯಂದಾಗ ಇಟ್ಟ ಹಳೇ ಮೀನಿನ ಜೋಡಿ ತಾಳಿ ನೋಡಿ, ಇವು ಪಿರಮಿಡ್ ಸರೋವರದವ ಮಕ್ಕಳು ಅಂತ ಖಾತ್ರಿ ಮಾಡಿದ್ರು. 2006ರಿಂದ ಪಿರಮಿಡ್‌ಕ್ಕ ಬಿಡಲಿಕ್ಕೆ ಹತ್ತಿದ್ರು. 2014ರಾಗ ಅವು ಟ್ರಕೀ ಹೊಳಿ ಹತ್ತಿ ತಾವಾಗೇ ತತ್ತಿ ಇಟ್ಟವು. 76 ವರ್ಷದ ಮ್ಯಾಲೆ ಮೊದಲನೇ ಸಲ. ಇದನ್ನ ಓದೋ ಮುಂದ ನನ್ನ ಕಣ್ಣಾಗ ನೀರು ಬಂತು, ಸುಳ್ಳ್ಯಾಕ ಹೇಳಲಿ. ಈಗ ತಾಹೋಕ್ಕೂ ಮರಿ ಬಿಡತಾರ. ಆದ್ರ ಅಲ್ಲೆ ಮ್ಯಾಕಿನಾ ಕೂತಾವ, ಅದು ಅಷ್ಟು ಸರಳ ಇಲ್ಲ.

ಇದು ನಮ್ಮ ಹೆಪ್ಪಿನ ಕಥಿನ ಅಲ್ಲೇನ್ರಿ? ನಮ್ಮ ಮನಿ ಹೆಪ್ಪು ಕೆಟ್ರ ಬಾಜೂ ಮನಿಗೆ ಬಟ್ಟಲ ಹಿಡಕೊಂಡು ಹೋಗತೀವಿ. ಅವರ ಮೊಸರಿಗೆ ಎಂದೋ ಹೆಪ್ಪು ನಮ್ಮ ಮನಿಯಿಂದನ ಹೋಗಿರತದ. ಕೊಟ್ಟದ್ದು ನೆನಪಿರಂಗಿಲ್ಲ, ಆದ್ರ ಕೊಟ್ಟದ್ದಕ್ಕ ಉಳದಿರತದ. ಅದ ಹೊತ್ತಿಗೆ, ಏನು ತಂದು ಎಲ್ಲಿ ಹಾಕತೀವಿ ಅನ್ನೋ ಎಚ್ಚರನೂ ಬೇಕು. ಎರಡನ್ನೂ ಈ ಮೀನ ನನಗ ಕಲಿಸಿತು.

ಈಗ ನನ್ನ ಕೆಲಸದ ಮಾತು. ನಮ್ಮವ್ವ ಹಿತ್ತಲದಾಗ ಮುಳ್ಳುತೊಟ್ಟಿನ ಬದನಿ ಹಚ್ಚತಿದ್ಲು. ಹಸರು ಮೈ ಮ್ಯಾಲೆ ಬಿಳಿ ಗೆರಿ, ಗುಂಡಗ. ಎಣ್ಣಿಗಾಯಿ ಮಾಡಿದ್ರ ಬೆಣ್ಣಿಯಂಗ ಕರಗತಿತ್ತು, ಬೀಜ ಹಲ್ಲಿಗೆ ಸಿಗತಿರಲಿಲ್ಲ. ಒಂದು ಕಾಯಿ ಗಿಡದಾಗ ಹಣ್ಣಾಗಲಿಕ್ಕೆ ಬಿಟ್ಟು, ಬೀಜ ತಗದು, ಬೂದ್ಯಾಗ ಕಲಸಿ ಒಣಗಿಸಿ, ಹಳೇ ಸೀರಿ ಚಿಂದ್ಯಾಗ ಗಂಟು ಕಟ್ಟಿ ಅಟ್ಟದ ಮ್ಯಾಲೆ ಇಡತಿದ್ಲು. ಬಂದವರಿಗೆಲ್ಲಾ ಒಂದು ಚಿಟಿಕಿ ಕೊಡತಿದ್ಲು. ಆಕಿ ಹೋದ ಮ್ಯಾಲೆ ಮನಿ ಮಾರಿದ್ವಿ. ಗಂಟು ಎಲ್ಲೆ ಹೋತೋ ನಾನು ನೋಡಲಿಲ್ಲ. ಪ್ಯಾಟ್ಯಾಗ ಪಾಕೀಟು ಸಿಗತಾವಲ್ಲ, ಹಳೇ ಬೀಜ ಯಾಕ ಅಂದ್ಕೊಂಡೆ. ನನ್ನ ತಪ್ಪು ಅದು.

ಊರಿಗೆ ಬಂದ ಮ್ಯಾಲೆ ಇಬ್ಬರಿಗೆ ಫೋನ್ ಮಾಡಿದೆ. ಗದಗಿನ ಅಬಚಿ ಮನ್ಯಾಗ ಹಿತ್ತಲಕ್ಕ ಫರಸಿ ಹಾಸಿಬಿಟ್ಟಾರ. ಸವದತ್ತಿ ಕಾಕೂ ಕಡೆ ಗಿಡ ಇತ್ತಂತ, ಮೂರು ವರ್ಷದ ಹಿಂದ ಮಳಿ ಇಲ್ಲದ ಒಣಗಿ ಹೋತಂತ. ಆದ್ರ ಅವರೂ ಯಾರಿಗೋ ಕೊಟ್ಟಿದ್ದು ನೆನಪಂತ, ಯಾರಿಗೆ ಅನ್ನೋದು ಹೊಳೀವಲ್ಲದು.

ಅಕ್ಕಂದಿರ್ಯಾ, ವೈನಿಯರ್ಯಾ, ನಮ್ಮವ್ವನ ಕಡೆಯಿಂದ ಎಂದರೆ ಬದನಿ ಬೀಜ ಒಯ್ದಿದ್ರ ಒಂದಿಷ್ಟು ನೆನಪು ಮಾಡಕೋರಿ. ನಿಮ್ಮ ಮನ್ಯಾಗ ಇರಲಿಕ್ಕಿಲ್ಲ, ನಿಮ್ಮ ನೆಗೆಣ್ಣಿ ತವರಾಗ ಇರಬಹುದು, ಹೊಲದಾಗ ಕೆಲಸಕ್ಕ ಬರತಿದ್ದಾಕಿ ಅಂಗಳದಾಗ ಇರಬಹುದು. ಕೇಳಿ ನೋಡ್ರಿ. ಹತ್ತು ಬೀಜ ಸಿಕ್ರ ಸಾಕು. ಆಷಾಢದಾಗ ಸಸಿ ಮಾಡತೀನಿ, ಬಂದ ಮ್ಯಾಲೆ ಕೇಳಿದವರಿಗೆಲ್ಲಾ ಕೊಡತೀನಿ. ಈ ಸರ್ತೆ ಯಾರಿಗೆ ಕೊಟ್ಟೆ ಅಂತ ವಹಿಯೊಳಗ ಬರದೂ ಇಡತೀನಿ.